ಆನ್‌ಲೈನ್‌ನಲ್ಲಿ ಮಾರಿದ ದುಡ್ಡು ಕಡಿಮೆ ಬಂತಾ, ತಡವಾಯ್ತಾ? ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕುವ ಬಗೆ

ಕಳೆದ ದಸರಾ ಮುಗಿದು ಎರಡು ವಾರ ಆಗಿತ್ತು. ಚನ್ನಪಟ್ಟಣದಿಂದ ಚಿಕ್ಕಪ್ಪನ ಫೋನ್ ಬಂತು. "ಮಗಾ, ಅರವತ್ತೆಂಟು ಸಾವಿರದ ಮಾಲು ಹೋಗೈತೆ ಅಂತ ಆಪ್‌ನಲ್ಲಿ ತೋರಿಸ್ತಾ ಐತೆ. ಬ್ಯಾಂಕಿಗೆ ಬಂದಿರೋದು ಮೂವತ್ತೆರಡೇ. ಮಿಕ್ಕಿದ್ದು ನುಂಗ್ಬಿಟ್ರಾ?"

ಚಿಕ್ಕಪ್ಪನದು ಮರದ ಬೊಂಬೆ ಮಾಡುವ ಸಣ್ಣ ಕಾರ್ಖಾನೆ. ಹಾಲೆ ಮರ, ಅರಗಿನ ಬಣ್ಣ, ನಾಲ್ಕು ಜನ ಕೆಲಸದವರು. ಗೊಂಬೆ ಕೂರಿಸುವ ಕಾಲದಲ್ಲಿ ಆನ್‌ಲೈನ್ ಆರ್ಡರ್ ಜಾಸ್ತಿ ಬರುತ್ತವೆ. ಲೆಕ್ಕ ನೋಡುವ ಕೆಲಸ ನನ್ನದು. ಯಾವ ಆನ್‌ಲೈನ್ ಮಾರುಕಟ್ಟೆ ಅನ್ನುವುದು ಇಲ್ಲಿ ಬೇಡ. ಎಲ್ಲ ಕಡೆಯೂ ಹುಡುಕುವ ದಾರಿ ಹೆಚ್ಚು ಕಡಿಮೆ ಒಂದೇ.

ಆವತ್ತಿನ ಲೆಕ್ಕ ಸರಿಯಾಗಿ ಹೇಳುತ್ತೇನೆ. ಡ್ಯಾಶ್‌ಬೋರ್ಡ್‌ನಲ್ಲಿ ಮಾರಾಟ 68,400 ರೂಪಾಯಿ. ಬ್ಯಾಂಕಿಗೆ ಬಂದದ್ದು 32,203. ವ್ಯತ್ಯಾಸ 36,197. ಸಿಟ್ಟು ಬರುವ ಮೊತ್ತವೇ. ಆದರೆ ಸಿಟ್ಟಿನಲ್ಲಿ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ನಿಮ್ಮ ಪೇಮೆಂಟ್ ಸೆಟಲ್ ಆಗಿದೆ ಸರ್" ಅನ್ನುವ ಒಂದೇ ವಾಕ್ಯ ಸಿಗುತ್ತದೆ. ಯಾಕೆಂದರೆ ನಾವು ಎರಡು ಬೇರೆ ಬೇರೆ ತೊಂದರೆಯನ್ನು ಒಟ್ಟಿಗೆ ಸೇರಿಸಿ ಕೇಳುತ್ತಿರುತ್ತೇವೆ. ಇನ್ನೂ ಬಾರದ ದುಡ್ಡು ಒಂದು. ಬರುವುದೇ ಇಲ್ಲದ ದುಡ್ಡು ಇನ್ನೊಂದು. ಮೊದಲು ಇವೆರಡನ್ನು ಬೇರೆ ಮಾಡಬೇಕು.

ಮೊದಲು ಮೂರು ಕಾಗದ

ಆರ್ಡರ್ ರಿಪೋರ್ಟ್, ಸೆಟಲ್‌ಮೆಂಟ್ ರಿಪೋರ್ಟ್ (ಯಾವ ಆರ್ಡರ್‌ಗೆ ಎಷ್ಟು ಕಳೆದು ಎಷ್ಟು ಕೊಟ್ಟರು ಅನ್ನುವ ಪಟ್ಟಿ, ಕೆಲವು ಕಡೆ ಪೇಮೆಂಟ್ ರಿಪೋರ್ಟ್ ಅನ್ನುತ್ತಾರೆ), ಬ್ಯಾಂಕ್ ಸ್ಟೇಟ್‌ಮೆಂಟ್. ಮೂರನ್ನೂ ಡೌನ್‌ಲೋಡ್ ಮಾಡಿ. ಡ್ಯಾಶ್‌ಬೋರ್ಡ್‌ನ ದೊಡ್ಡ ಅಂಕಿಯನ್ನು ನಂಬಬೇಡಿ. ಅದರಲ್ಲಿ ರದ್ದಾದ ಆರ್ಡರ್, ದಾರಿಯಲ್ಲಿರುವ ಆರ್ಡರ್, ವಾಪಸ್ ಬಂದ ಆರ್ಡರ್ ಎಲ್ಲವೂ ಸೇರಿರಬಹುದು. ಅದು ಮಾರಾಟದ ಉತ್ಸಾಹ ಹೆಚ್ಚಿಸುವ ಅಂಕಿ, ದುಡ್ಡಿನ ಅಂಕಿ ಅಲ್ಲ.

ಆರ್ಡರ್ ನಂಬರ್ ಹಿಡಿದು ಮೂರನ್ನೂ ಹೊಂದಿಸಿ ನೋಡಿ. ಸೆಟಲ್‌ಮೆಂಟ್ ರಿಪೋರ್ಟ್‌ನಲ್ಲಿ ಹೆಸರೇ ಇಲ್ಲದ ಆರ್ಡರ್ ತಡದ ಗುಂಪಿಗೆ. ಹೆಸರಿದೆ, ಮೊತ್ತ ಕಡಿಮೆ ಇದೆ ಅಂದರೆ ಕಡಿತದ ಗುಂಪಿಗೆ. ಹೆಸರೂ ಇದೆ, ಮೊತ್ತವೂ ಸರಿ ಇದೆ, ಬ್ಯಾಂಕಿನಲ್ಲಿ ಮಾತ್ರ ಇಲ್ಲ ಅಂದರೆ ಅದು ಮೂರನೇ ಗುಂಪು. ಅದು ಅಪರೂಪ, ಆದರೆ ಬಿಡಿಸುವುದು ಎಲ್ಲಕ್ಕಿಂತ ಸುಲಭ.

ಚಿಕ್ಕಪ್ಪನ 68,400ರಲ್ಲಿ ಹೀಗೆ ಬೇರೆ ಮಾಡಿದಾಗ 11 ಆರ್ಡರ್‌ಗಳ 10,200 ರೂಪಾಯಿ ತಡದ ಗುಂಪಿಗೆ ಬಂತು. 6 ಆರ್ಡರ್‌ಗಳ 5,400 ರೂಪಾಯಿ ರದ್ದು ಅಥವಾ ವಾಪಸ್. ನಿಜವಾಗಿ ಮಾರಿ ಸೆಟಲ್ ಆಗಿದ್ದು 52,800. ಅಂದರೆ ಕಳೆದುಹೋಯಿತು ಅಂದುಕೊಂಡಿದ್ದರಲ್ಲಿ 15,600 ಕಳೆದೇ ಇರಲಿಲ್ಲ. ಅರ್ಧ ಗಂಟೆಯ ಕೆಲಸ. "ಮತ್ತೆ ಮಿಕ್ಕಿದ್ದು?" ಅಂದರು ಚಿಕ್ಕಪ್ಪ. ಅದಕ್ಕೆ ಆಮೇಲೆ ಬರುತ್ತೇನೆ.

ಲಕ್ಷಣ 1: ದುಡ್ಡು ಬಂದೇ ಇಲ್ಲ

ಆರ್ಡರ್ ಬಂದ ದಿನದಿಂದ ಎಣಿಸಬೇಡಿ. ಸಾಮಾನ್ಯವಾಗಿ ಪಾರ್ಸೆಲ್ ತಲುಪಿದ ದಿನದಿಂದಲೋ, ಕಳಿಸಿದ ದಿನದಿಂದಲೋ ಎಣಿಕೆ ಶುರು. ನಿಮ್ಮ ಒಪ್ಪಂದದಲ್ಲಿ ಯಾವುದು ಅಂತ ಒಮ್ಮೆ ಓದಿಟ್ಟುಕೊಳ್ಳಿ. ಅದರ ಮೇಲೆ ಗ್ರಾಹಕ ವಾಪಸ್ ಮಾಡಬಹುದಾದ ದಿನಗಳು ಸೇರುತ್ತವೆ. ಅದರ ಮೇಲೆ ವಾರಕ್ಕೊಮ್ಮೆ ಬರುವ ಪೇಮೆಂಟ್ ಸರದಿ. ಚನ್ನಪಟ್ಟಣದಿಂದ ಗುವಾಹಟಿಗೆ ಹೋದ ಬೊಂಬೆಯ ದುಡ್ಡು ಮೈಸೂರಿಗೆ ಹೋದ ಬೊಂಬೆಯ ದುಡ್ಡಿನ ಜೊತೆ ಬರಲ್ಲ. ಹಬ್ಬದ ಕಾಲದಲ್ಲಂತೂ ಕೊರಿಯರ್ ಗೋದಾಮಿನಲ್ಲೇ ಪಾರ್ಸೆಲ್ ಕೂತುಬಿಡುತ್ತದೆ.

ಒಂದು ಸಣ್ಣ ಮೋಸದ ಜಾಗ ಇಲ್ಲಿದೆ. ಪಾರ್ಸೆಲ್ ತಲುಪಿರಬಹುದು, ದಾರಿಯಲ್ಲಿ ಕಳೆದಿರಲೂಬಹುದು, ಆದರೆ ಟ್ರ್ಯಾಕಿಂಗ್‌ನಲ್ಲಿ "ಡೆಲಿವರ್ಡ್" ಅಂತ ಆಗಿಲ್ಲ. ಹೀಗಾದರೆ ಎಣಿಕೆಯೇ ಶುರುವಾಗಿರಲ್ಲ. ಹತ್ತು ದಿನ ದಾಟಿದರೂ ಟ್ರ್ಯಾಕಿಂಗ್ ಅಲುಗಾಡದ ಆರ್ಡರ್‌ಗಳ ಪಟ್ಟಿ ಮಾಡಿ, ಪಾರ್ಸೆಲ್ ಕಳೆದುಹೋಗಿದೆ ಅನ್ನುವ ವಿಭಾಗದಲ್ಲೇ ದೂರು ಹಾಕಿ. ಪೇಮೆಂಟ್ ವಿಭಾಗದಲ್ಲಿ ಹಾಕಿದರೆ ಅವರು ಇಲ್ಲಿಗೇ ತಿರುಗಿಸುತ್ತಾರೆ, ಒಂದು ವಾರ ಹೋಗುತ್ತದೆ. ಚಿಕ್ಕಪ್ಪನ 11ರಲ್ಲಿ 2 ಇಂಥವೇ ಇದ್ದವು. ಉಳಿದ 9ರ ದುಡ್ಡು ಮುಂದಿನ ಎರಡು ವಾರದಲ್ಲಿ ತಾನಾಗಿ ಬಂತು.

ಹೊಸ ಮಾರಾಟಗಾರರಿಗೆ, ಅಥವಾ ಇದ್ದಕ್ಕಿದ್ದಂತೆ ಮಾರಾಟ ಏರಿದವರಿಗೆ, ರಿಸರ್ವ್ ಅಂತ ಒಂದಷ್ಟು ಹಿಡಿದಿಡುತ್ತಾರೆ. ವಾಪಸ್ ಬಂದರೆ ಅದರಿಂದ ಕೊಡಲು. ಇದು ದೋಷ ಅಲ್ಲ, ನಿಯಮ. ಸೆಟಲ್‌ಮೆಂಟ್ ಪುಟದಲ್ಲಿ ಬೇರೆ ಸಾಲಿನಲ್ಲಿ ಕಾಣುತ್ತದೆ. ಈ ವಾರ ಹಿಡಿದದ್ದು ಮುಂದೆ ಬಿಡುಗಡೆ ಆಗುತ್ತಿದೆಯಾ ಅಂತ ನೋಡಿಕೊಂಡರೆ ಸಾಕು.

ಎಲ್ಲ ಆರ್ಡರ್‌ಗಳ ದುಡ್ಡೂ ಒಟ್ಟಿಗೆ ನಿಂತಿದೆಯಾ? ಹಾಗಾದರೆ ಆರ್ಡರ್ ನೋಡಬೇಡಿ, ಖಾತೆ ನೋಡಿ. ಮೊದಲ ಅನುಮಾನ ಜಿಎಸ್‌ಟಿ. ರಿಟರ್ನ್ ಸಲ್ಲಿಸದೆ ಬಿಟ್ಟರೆ ನೋಂದಣಿ ಅಮಾನತಾಗಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮದೇ ನಂಬರ್ ಹಾಕಿ ಹುಡುಕಿ, "ಆ್ಯಕ್ಟಿವ್" ಅಂತ ಇದೆಯಾ ನೋಡಿ. ಎಷ್ಟೋ ಜನ ಆಡಿಟರ್ ನೋಡಿಕೊಳ್ಳುತ್ತಾರೆ ಅಂತ ಸುಮ್ನೆ ಇರುತ್ತಾರೆ. ಆಡಿಟರ್ ಇವರು ಬಿಲ್ ಕಳಿಸಲಿ ಅಂತ ಸುಮ್ನೆ ಇರುತ್ತಾರೆ.

ಎರಡನೇ ಅನುಮಾನ ಬ್ಯಾಂಕ್ ವಿವರ. ನಮ್ಮ ರಾಜ್ಯದವರಿಗೆ ಇದು ಸ್ವಲ್ಪ ಜಾಸ್ತಿಯೇ ಕಾಡಿದೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಸಿಂಡಿಕೇಟ್‌ನ ಹಳೆಯ ಐಎಫ್‌ಎಸ್‌ಸಿ ಕೋಡ್ 2021ರ ಜುಲೈ 1ರಿಂದ ನಿಂತೇ ಹೋಯಿತು. 2025ರ ಮೇ 1ರಿಂದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಹಳೆಯ ಪಾಸ್‌ಬುಕ್ ನೋಡಿ ಕೋಡ್ ಹಾಕಿದವರ ದುಡ್ಡು ಹೋಗಿ ವಾಪಸ್ ಬರುತ್ತದೆ. ಈಗಿನ ಪಾಸ್‌ಬುಕ್ ಅಥವಾ ಚೆಕ್ ನೋಡಿಯೇ ಕೋಡ್ ತುಂಬಿ. ಪ್ಯಾನ್ ಕಾರ್ಡಿನ ಹೆಸರು, ಖಾತೆಯ ಹೆಸರು, ಜಿಎಸ್‌ಟಿಯ ಹೆಸರು ಮೂರೂ ಒಂದೇ ಇರಬೇಕು. "ಶ್ರೀನಿವಾಸ್" ಒಂದು ಕಡೆ "ಶ್ರೀನಿವಾಸಯ್ಯ" ಆಗಿದ್ದರೂ ಪರಿಶೀಲನೆ ನಿಲ್ಲುತ್ತದೆ.

ಬ್ಯಾಂಕ್ ವಿವರ ಬದಲಿಸಿದ ತಕ್ಷಣ ಒಂದಷ್ಟು ದಿನ ಪೇಮೆಂಟ್ ತಡೆಹಿಡಿಯುವ ರೂಢಿಯೂ ಇದೆ. ಕಳ್ಳರು ಖಾತೆ ಬದಲಿಸಿ ದುಡ್ಡು ಹೊಡೆಯಬಾರದು ಅಂತ. ಹಾಗಾಗಿ ಹಬ್ಬದ ವಾರದಲ್ಲಿ ಖಾತೆ ಬದಲಿಸಲು ಹೋಗಬೇಡಿ.

ಮೂರನೆಯದು ನೆಗೆಟಿವ್ ಬ್ಯಾಲೆನ್ಸ್. ಮಾರಾಟ ನಿಂತಿದೆ, ಹಳೆಯ ಆರ್ಡರ್‌ಗಳು ವಾಪಸ್ ಬರುತ್ತಲೇ ಇವೆ, ಜಾಹೀರಾತು ಓಡುತ್ತಲೇ ಇದೆ. ಆಗ ನೀವೇ ಅವರಿಗೆ ಕೊಡಬೇಕಾಗುತ್ತದೆ, ಮುಂದಿನ ಮಾರಾಟದ ದುಡ್ಡು ಅದಕ್ಕೇ ಹೋಗುತ್ತದೆ. ಆಟಿಕೆ ಮಾರುವವರಿಗೆ ಇದು ಬೇರೊಂದು ದಾರಿಯಲ್ಲೂ ಬರುತ್ತದೆ. 2021ರ ಜನವರಿ 1ರಿಂದ ಆಟಿಕೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ಮಾಡಿದ ಆಟಿಕೆಗೆ, ಜಿಐ (ಭೌಗೋಳಿಕ ಗುರುತು) ನೋಂದಾಯಿತ ಬಳಕೆದಾರರ ಆಟಿಕೆಗೆ ವಿನಾಯಿತಿ ಇದೆ. ಆ ಕಾಗದ ಅಪ್‌ಲೋಡ್ ಮಾಡಿರದಿದ್ದರೆ ಲಿಸ್ಟಿಂಗ್ ನಿಲ್ಲುತ್ತದೆ. ಮಾರಾಟ ಸೊನ್ನೆ, ವಾಪಸ್ ಮಾತ್ರ ಬರುತ್ತಿರುತ್ತದೆ.

ನೀವು ಆ ಮಾರುಕಟ್ಟೆಯ ಮೂಲಕ ಸಾಲ ತೆಗೆದುಕೊಂಡಿದ್ದರೆ ಕಂತು ಅಲ್ಲೇ ಕಡಿತ ಆಗುತ್ತದೆ. ಮರೆತಿರುತ್ತೀರಿ, ನೆನಪಿಸಿದೆ ಅಷ್ಟೆ.

ಲಕ್ಷಣ 2: ಬಂದಿದೆ, ಆದರೆ ಕಡಿಮೆ

ಚಿಕ್ಕಪ್ಪನ ಮಿಕ್ಕ ಲೆಕ್ಕ ಇಲ್ಲಿದೆ. 52,800ರಲ್ಲಿ ಕಮಿಷನ್ 5,280. ಆರ್ಡರ್‌ಗೆ ಇಷ್ಟು ಅಂತ ಇರುವ ಫಿಕ್ಸೆಡ್ ಫೀ ಒಟ್ಟು 1,600. ಸಾಗಣೆ 7,900. ವಾಪಸ್ ಬಂದವುಗಳ ಸಾಗಣೆ 620. ಜಾಹೀರಾತು 1,800. ಒಟ್ಟು 17,200. ಇದರ ಮೇಲೆ 18% ಜಿಎಸ್‌ಟಿ 3,096. ಅಲ್ಲಿಗೆ 20,296. ಇನ್ನು ಸರ್ಕಾರದ ತೆರಿಗೆ ಕಡಿತಗಳಾದ ಟಿಸಿಎಸ್ 251, ಟಿಡಿಎಸ್ 50 (ಇವು ಏನು ಅಂತ ಮುಂದೆ ಹೇಳುತ್ತೇನೆ). ಎಲ್ಲ ಕಳೆದರೆ 32,203. ಬ್ಯಾಂಕಿಗೆ ಬಂದಷ್ಟೇ. ರೂಪಾಯಿಗೆ ರೂಪಾಯಿ ಹೊಂದಿತು.

ಹೊಂದಿತು ಅಂದ ಮಾತ್ರಕ್ಕೆ ಸರಿ ಇದೆ ಅಂತಲ್ಲ. ಯಾವ ಸಾಲು ಅನುಮಾನದ್ದು? ಕಮಿಷನ್ ಅಲ್ಲ. ಎಲ್ಲರೂ ಮೊದಲು ಬಯ್ಯುವುದು ಕಮಿಷನ್ನನ್ನೇ. ಆದರೆ ಅದು ಮೊದಲೇ ಗೊತ್ತಿರುವ ದರ, ತಪ್ಪಾಗುವುದು ಕಡಿಮೆ. ತಪ್ಪಾದರೆ ಸಾಮಾನ್ಯವಾಗಿ ವಿಭಾಗ ತಪ್ಪಿರುತ್ತದೆ. ಆಟಿಕೆಯನ್ನು ಮನೆ ಅಲಂಕಾರದಲ್ಲಿ ಲಿಸ್ಟ್ ಮಾಡಿದರೆ ಅಲ್ಲಿನ ದರ ಬೀಳುತ್ತದೆ. ಬೆಲೆಯ ಮೆಟ್ಟಿಲುಗಳನ್ನೂ ನೋಡಿ. ಅಮೆಜಾನ್ 2025ರ ಏಪ್ರಿಲ್ 7ರಿಂದ 300 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನಿಗೆ 135ಕ್ಕೂ ಹೆಚ್ಚು ವಿಭಾಗಗಳಲ್ಲಿ ರೆಫರಲ್ ಫೀ (ಕಮಿಷನ್ನಿಗೆ ಅಲ್ಲಿನ ಹೆಸರು) ತೆಗೆದುಹಾಕಿತು. ಇಂಥ ಕಡೆ 305ಕ್ಕೆ ಮಾರಿ, 295ಕ್ಕೆ ಮಾರಿದವರಿಗಿಂತ ಕಡಿಮೆ ಕೈಗೆ ಪಡೆಯುವವರು ಇರುತ್ತಾರೆ. ಮೀಶೋ 2021ರಲ್ಲೇ ಸೊನ್ನೆ ಕಮಿಷನ್ ಅಂದಿತು. ಸೊನ್ನೆ ಕಮಿಷನ್ ಅಂದರೆ ಸೊನ್ನೆ ಖರ್ಚು ಅಲ್ಲ. ಸಾಗಣೆ, ವಾಪಸ್ಸಿನ ಸಾಗಣೆ, ಜಾಹೀರಾತು ಇದ್ದೇ ಇರುತ್ತವೆ.

ನನ್ನ ಅನುಭವದಲ್ಲಿ ದುಡ್ಡು ಸೋರುವ ದೊಡ್ಡ ತೂತು ಸಾಗಣೆಯ ತೂಕ. ಆ 7,900ರಲ್ಲಿ 3,100 ರೂಪಾಯಿ ನಾವು ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ಇತ್ತು. ಹೇಗೆ?

ಕೊರಿಯರ್‌ನವರು ತಕ್ಕಡಿಯ ತೂಕ ಒಂದನ್ನೇ ನೋಡಲ್ಲ. ಪೆಟ್ಟಿಗೆ ಎಷ್ಟು ಜಾಗ ತಿನ್ನುತ್ತದೆ ಅಂತಲೂ ನೋಡುತ್ತಾರೆ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದದ್ದು ಕಿಲೋ. ಇದಕ್ಕೆ ವಾಲ್ಯೂಮೆಟ್ರಿಕ್ ತೂಕ ಅನ್ನುತ್ತಾರೆ. ಎರಡರಲ್ಲಿ ಯಾವುದು ದೊಡ್ಡದೋ ಅದರ ಮೇಲೆ ದರ. ಚಿಕ್ಕಪ್ಪನ ಎಳೆಯುವ ಆನೆಯ ಸೆಟ್ ತಕ್ಕಡಿಯಲ್ಲಿ 900 ಗ್ರಾಂ. ಅದನ್ನು ಹಾಕಿದ್ದ ಪೆಟ್ಟಿಗೆ 36×28×20. ಗುಣಿಸಿದರೆ 20,160. ಭಾಗಿಸಿದರೆ 4.03 ಕಿಲೋ. ಒಂದು ಕಿಲೋ ಕೂಡ ಇಲ್ಲದ ಆನೆಗೆ ನಾಲ್ಕು ಕಿಲೋ ದಾಟಿದ ಬಾಡಿಗೆ! ಆ 0.03 ಕಿಲೋದಿಂದಲೇ ಮೇಲಿನ ಮೆಟ್ಟಿಲಿಗೆ ಹೋಯಿತು ಅನ್ನುವುದು ಬೇರೆ.

"ಸಗಟಿನಲ್ಲಿ ಆ ಡಬ್ಬ ಅಗ್ಗಕ್ಕೆ ಸಿಕ್ತು ಮಗಾ" ಅಂದರು. ಡಬ್ಬಕ್ಕೆ ಉಳಿಸಿದ್ದು ನಾಲ್ಕು ರೂಪಾಯಿ. ಆನೆಯ ಕಾಲು, ಚಕ್ರ ಬಿಚ್ಚಿ ಮಲಗಿಸಿದರೆ 30×20×12ರ ಪೆಟ್ಟಿಗೆಯಲ್ಲಿ ಕೂರುತ್ತದೆ. 1.44 ಕಿಲೋ. ಈಗ ಅದೇ ಪೆಟ್ಟಿಗೆ.

ಆದರೆ ಎಲ್ಲ ತಪ್ಪೂ ನಮ್ಮದಲ್ಲ. 4 ಪಾರ್ಸೆಲ್‌ಗಳಿಗೆ ಅವರೇ ಅಳತೆ ತಪ್ಪು ಹಾಕಿದ್ದರು. ಅಂಗೈ ಅಗಲದ ಬುಗುರಿ ಪೆಟ್ಟಿಗೆಗೆ ಆನೆ ಪೆಟ್ಟಿಗೆಯ ಅಳತೆ. ಪತ್ತೆ ಮಾಡುವುದು ಹೀಗೆ: ಒಂದೇ ಸಾಮಾನಿನ ಎಲ್ಲ ಆರ್ಡರ್‌ಗಳನ್ನೂ ಒಟ್ಟಿಗೆ ಇಟ್ಟು ಸಾಗಣೆ ದರ ನೋಡಿ. ಒಂದೇ ಬುಗುರಿ, ಒಂದೇ ವಲಯ, ಹತ್ತರಲ್ಲಿ ಎಂಟಕ್ಕೆ ಒಂದು ದರ, ಎರಡಕ್ಕೆ ಬೇರೆ. ಆ ಎರಡೇ ಅನುಮಾನದವು. ಇಲ್ಲಿ ವಲಯ ಅಂದರೆ ಊರೊಳಗೆ, ರಾಜ್ಯದ ಸುತ್ತಮುತ್ತ, ದೇಶದ ಆಚೆ ತುದಿ ಅನ್ನುವ ಭಾಗ. ದೆಹಲಿಗೆ ಹೋದದ್ದನ್ನು ಮಂಡ್ಯಕ್ಕೆ ಹೋದದ್ದರ ಜೊತೆ ಹೋಲಿಸಬೇಡಿ.

ವಾಪಸ್ಸಿನಲ್ಲಿ ಎರಡು ಬಗೆ. ಗ್ರಾಹಕ ತೆಗೆದುಕೊಳ್ಳದೆ ತಿರುಗಿ ಬಂದದ್ದು ಆರ್‌ಟಿಒ. ತೆಗೆದುಕೊಂಡು ಆಮೇಲೆ ಕಳಿಸಿದ್ದು ಕಸ್ಟಮರ್ ರಿಟರ್ನ್. ಎರಡಕ್ಕೂ ಫೀ ಬೇರೆ ಬೇರೆ. ಆರ್‌ಟಿಒ ಅಂತ ನಮೂದಾಗಬೇಕಾದದ್ದು ಕಸ್ಟಮರ್ ರಿಟರ್ನ್ ಆಗಿ ನಮೂದಾದರೆ ಸಾಮಾನ್ಯವಾಗಿ ನಿಮಗೇ ನಷ್ಟ. ಪಾರ್ಸೆಲ್ ಸೀಲ್ ಒಡೆಯದೆ ಬಂದಿದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ. ಸೀಲ್ ಒಡೆದು ಬಂದಿದ್ದರೆ ಲೇಬಲ್ ಕಾಣುವಂತೆ, ಕಟ್ ಮಾಡದೆ, ಬಿಚ್ಚುವ ವಿಡಿಯೋ ತೆಗೆಯಿರಿ. ಅರಗಿನ ಬಣ್ಣ ಕೆರೆದ ಬೊಂಬೆ ವಾಪಸ್ ಬಂದಾಗ ನಮ್ಮ ಹತ್ತಿರ ವಿಡಿಯೋ ಇರಲಿಲ್ಲ. ಕ್ಲೇಮ್ ತಿರಸ್ಕಾರ. ಆ ಬೊಂಬೆ ಈಗ ನನ್ನ ಮಗಳ ಹತ್ತಿರ ಇದೆ.

ಜಾಹೀರಾತಿನ ಬಗ್ಗೆ ಒಂದೇ ಮಾತು. ದಿನದ ಮಿತಿ ಹಾಕದೆ ಶುರು ಮಾಡಬೇಡಿ.

ತೆರಿಗೆ ಕಡಿತ: ಇದು ಹೋದ ದುಡ್ಡಲ್ಲ

ತೆರಿಗೆಯ ಸಾಲು ನೋಡಿದ ಕೂಡಲೇ ಜನ ಗಾಬರಿಯಾಗುತ್ತಾರೆ. ನಿಜಕ್ಕೂ ಅದೇ ವಾಪಸ್ ಬರುವ ಭಾಗ.

ಟಿಸಿಎಸ್ ಜಿಎಸ್‌ಟಿಯದು. ಮಾರುಕಟ್ಟೆಯವರು ನಿಮ್ಮ ಮಾರಾಟದಿಂದ ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ. 2018ರ ಅಕ್ಟೋಬರ್ 1ರಿಂದ 1% ಇತ್ತು, 2024ರ ಜುಲೈ 10ರಿಂದ 0.5%. ವಾಪಸ್ ಬಂದದ್ದು ಕಳೆದು, ಜಿಎಸ್‌ಟಿ ಬಿಟ್ಟು, ಉಳಿದ ಬೆಲೆಯ ಮೇಲೆ. ಟಿಡಿಎಸ್ ಆದಾಯ ತೆರಿಗೆಯದು. 2020ರ ಅಕ್ಟೋಬರ್ 1ರಿಂದ 1%, 2024ರ ಅಕ್ಟೋಬರ್ 1ರಿಂದ 0.1%. ವರ್ಷದ ಮಾರಾಟ 5 ಲಕ್ಷ ದಾಟದ ವ್ಯಕ್ತಿಗಳು ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ದರೆ ಟಿಡಿಎಸ್ ಇಲ್ಲ. ಎರಡೂ ಕೊಡದಿದ್ದರೆ 5%. ನಿಮ್ಮ ರಿಪೋರ್ಟ್‌ನಲ್ಲಿ 5% ಕಂಡರೆ ಮಾರುಕಟ್ಟೆಯ ತಪ್ಪಲ್ಲ, ನಿಮ್ಮ ಪ್ಯಾನ್ ಸೇರಿಲ್ಲ ಅಂತ ಅರ್ಥ.

ಟಿಸಿಎಸ್ ತಾನಾಗಿ ಕೈಗೆ ಬರಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ "ಟಿಡಿಎಸ್ ಅಂಡ್ ಟಿಸಿಎಸ್ ಕ್ರೆಡಿಟ್ ರಿಸೀವ್ಡ್" ಅನ್ನುವ ಜಾಗಕ್ಕೆ ಹೋಗಿ ಒಪ್ಪಿಕೊಂಡು ಸಲ್ಲಿಸಬೇಕು. ಆಗ ಪೋರ್ಟಲ್‌ನಲ್ಲಿರುವ ನಿಮ್ಮ ಕ್ಯಾಶ್ ಲೆಡ್ಜರ್‌ಗೆ (ನಿಮ್ಮ ತೆರಿಗೆ ದುಡ್ಡಿನ ಖಾತೆಗೆ) ಬರುತ್ತದೆ. ಮಾರುಕಟ್ಟೆಯವರು ಮುಂದಿನ ತಿಂಗಳ 10ರ ಒಳಗೆ ತಮ್ಮ ರಿಟರ್ನ್ ಹಾಕಬೇಕು, ಅದಾದ ಮೇಲೆ ನಿಮಗೆ ಕಾಣುತ್ತದೆ. ಚಿಕ್ಕಪ್ಪನದು ಎರಡು ವರ್ಷದ್ದು ಅಲ್ಲೇ ಕೂತಿತ್ತು. ಯಾರೂ ಒತ್ತಿರಲಿಲ್ಲ.

ಫೀಗಳ ಮೇಲಿನ 18% ಕೂಡ ಹಾಗೇ. ಸಾಮಾನ್ಯ ಜಿಎಸ್‌ಟಿ ನೋಂದಣಿ ಇದ್ದರೆ ಆ 3,096 ರೂಪಾಯಿ ಇನ್‌ಪುಟ್ ಕ್ರೆಡಿಟ್. ಬೊಂಬೆಯ ಮೇಲೆ ಕಟ್ಟಬೇಕಾದ 5% ತೆರಿಗೆಗೆ ವಜಾ ಮಾಡಿಕೊಳ್ಳಬಹುದು. ಕಂಪೋಸಿಷನ್‌ನಲ್ಲಿರುವವರಿಗೆ (ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ಜಿಎಸ್‌ಟಿ ಯೋಜನೆ), ನೋಂದಣಿಯೇ ಇಲ್ಲದವರಿಗೆ ಈ ಲಾಭ ಇಲ್ಲ. 2023ರ ಅಕ್ಟೋಬರ್ 1ರಿಂದ ಇವರಿಬ್ಬರೂ ರಾಜ್ಯದೊಳಗೆ ಆನ್‌ಲೈನ್‌ನಲ್ಲಿ ಸಾಮಾನು ಮಾರಬಹುದು. ಆದರೆ ಬೆಲೆ ಇಡುವಾಗ 18% ಪೂರ್ತಿ ಖರ್ಚು ಅಂತಲೇ ಹಿಡಿಯಬೇಕು.

ಲಕ್ಷಣ 3: ಕಳಿಸಿದ್ದೇವೆ ಅಂತಾರೆ, ಬ್ಯಾಂಕಿನಲ್ಲಿಲ್ಲ

ಮಾರುಕಟ್ಟೆಯವರ ಹತ್ತಿರ ಯುಟಿಆರ್ ನಂಬರ್ ಕೇಳಿ. ಬೇರೆ ಮಾತೇ ಬೇಡ. ಪ್ರತಿ ಬ್ಯಾಂಕ್ ವರ್ಗಾವಣೆಗೂ ಇಂಥ ಒಂದು ಗುರುತಿನ ನಂಬರ್ ಇರುತ್ತದೆ. ಅದನ್ನು ಹಿಡಿದು ಬ್ಯಾಂಕಿಗೆ ಹೋದರೆ ದುಡ್ಡು ಎಲ್ಲಿದೆ ಅಂತ ಅವರು ಹೇಳಲೇಬೇಕು. ಯುಟಿಆರ್ ಕೊಡಲಾಗದಿದ್ದರೆ ಮಾರುಕಟ್ಟೆಯವರು ಕಳಿಸೇ ಇಲ್ಲ.

"ಭಾನುವಾರ ಸರ್, ಬ್ಯಾಂಕ್ ರಜಾ" ಅನ್ನುವ ಮಾತು ನೆಫ್ಟ್ (ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ವ್ಯವಸ್ಥೆ) ಮಟ್ಟಿಗೆ ಈಗ ನಡೆಯಲ್ಲ. 2019ರ ಡಿಸೆಂಬರ್ 16ರಿಂದ ನೆಫ್ಟ್ ವರ್ಷವಿಡೀ, 24 ಗಂಟೆಯೂ ಓಡುತ್ತದೆ. ಖಾತೆಗೆ ಹಾಕಬೇಕು, ಆಗದಿದ್ದರೆ ಎರಡು ಗಂಟೆಯೊಳಗೆ ಹಿಂದಿರುಗಿಸಬೇಕು. ತಡ ಮಾಡಿದ ಬ್ಯಾಂಕ್ ರೆಪೊ ದರದ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರದ) ಮೇಲೆ 2% ಸೇರಿಸಿ ಬಡ್ಡಿ ಕೊಡಬೇಕು ಅನ್ನುತ್ತದೆ ರಿಸರ್ವ್ ಬ್ಯಾಂಕ್. ಬ್ಯಾಂಕಿನವರು ದೂರಿಗೆ 30 ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿಗೆ) ಆನ್‌ಲೈನ್‌ನಲ್ಲೇ ದೂರು ಕೊಡಬಹುದು.

ದೂರು ಬರೆಯುವಾಗ

"ನನ್ನ ಪೇಮೆಂಟ್ ಕಡಿಮೆ ಬಂದಿದೆ, ದಯವಿಟ್ಟು ನೋಡಿ" ಅಂತ ಬರೆದರೆ ಸಿದ್ಧ ಉತ್ತರ ಬರುತ್ತದೆ. ಒಂದು ಟಿಕೆಟ್‌ಗೆ (ಆನ್‌ಲೈನ್ ದೂರಿಗೆ) ಒಂದೇ ವಿಷಯ. ನಾವು ಬರೆದದ್ದು ಹೀಗಿತ್ತು: "ಈ ಆರ್ಡರ್‌ನ ಪೆಟ್ಟಿಗೆ 15×10×8. ತೂಕ 300 ಗ್ರಾಂ. ನೀವು 4.5 ಕಿಲೋದ ದರ ಹಾಕಿದ್ದೀರಿ. ಇದೇ ಸಾಮಾನಿನ ಬೇರೆ ಎಂಟು ಆರ್ಡರ್‌ಗಳಿಗೆ ಅರ್ಧ ಕಿಲೋದ ದರ ಇದೆ, ನಂಬರ್‌ಗಳು ಕೆಳಗಿವೆ. ಅಳತೆ ಟೇಪ್ ಮತ್ತು ತಕ್ಕಡಿಯ ಫೋಟೋ ಲಗತ್ತಿಸಿದೆ." ಬಯ್ಗುಳ ಇಲ್ಲ, ಕಷ್ಟಸುಖ ಇಲ್ಲ. ಮೊದಲ ಸಲ ತಿರಸ್ಕರಿಸಿದರು. ಮತ್ತೆ ತೆರೆದೆವು. ಎರಡನೇ ಸಲ ಒಪ್ಪಿದರು. 4 ಪಾರ್ಸೆಲ್‌ಗಳ 1,240 ರೂಪಾಯಿ, ಅದರ ಜಿಎಸ್‌ಟಿ 223 ಸೇರಿ 1,463 ವಾಪಸ್ ಬಂತು. ಕ್ಲೇಮ್ ಹಾಕಲು ಗಡುವು ಇರುತ್ತದೆ, ಅದನ್ನು ಮಾತ್ರ ತಪ್ಪಿಸಬೇಡಿ. ತಿಂಗಳ ಕೊನೆಗೆ ನೋಡೋಣ ಅಂತ ಬಿಟ್ಟರೆ ಗಡುವು ಮುಗಿದಿರುತ್ತದೆ.

ಟಿಕೆಟ್ ದಾಟಿದ ಮೇಲೆ ಏನು? ಇಲ್ಲಿ ದಾರಿ ಕಿರಿದು, ಸುಳ್ಳು ಆಸೆ ಬೇಡ. ಮಾರುಕಟ್ಟೆಯ ಗ್ರೀವೆನ್ಸ್ ಆಫೀಸರ್‌ಗೆ (ದೂರು ನೋಡುವ ಅಧಿಕಾರಿಗೆ) ಬರೆಯಿರಿ. ಆದರೆ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಅನ್ನುವ 2020ರ ಇ-ಕಾಮರ್ಸ್ ನಿಯಮ ಗ್ರಾಹಕರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. 45 ದಿನದಲ್ಲಿ ಪಾವತಿ ಅನ್ನುವ ಸಣ್ಣ ಉದ್ಯಮಗಳ ಕಾಯ್ದೆಯನ್ನು ಅನೇಕರು ಹಿಡಿದುಕೊಂಡು ಹೋಗುತ್ತಾರೆ. ಅದು ಸಾಮಾನು ಕೊಂಡವರ ಮೇಲೆ. ಮಾರುಕಟ್ಟೆ ನಿಮ್ಮ ಬೊಂಬೆ ಕೊಂಡಿಲ್ಲ, ಮಾರಿಕೊಟ್ಟಿದೆ ಅಷ್ಟೆ. ಹಾಗಂತ ಯಾವುದೋ ಕಂಪನಿ ನಿಮ್ಮಿಂದ ಸಗಟಿನಲ್ಲಿ ಕೊಂಡು ತಾನು ಆನ್‌ಲೈನ್‌ನಲ್ಲಿ ಮಾರುತ್ತಿದ್ದರೆ ಆಗ ಈ ಕಾಯ್ದೆ ಕೆಲಸಕ್ಕೆ ಬರುತ್ತದೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇರುವ ತಯಾರಕರು ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ಅನುಕೂಲ ಇಲ್ಲ.

ಆ ಹೆಚ್ಚುವರಿ ತೂಕದ 3,100ರಲ್ಲಿ ಉಳಿದ 1,860 ಆನೆಯ ಪೆಟ್ಟಿಗೆಯದು. ಅದು ವಾಪಸ್ ಬರಲ್ಲ. ದಾರಿಯಲ್ಲಿ ಕಳೆದಿದ್ದ ಎರಡು ಪಾರ್ಸೆಲ್‌ಗಳಲ್ಲಿ ಒಂದರ ಪರಿಹಾರ ಬಂತು. ಇನ್ನೊಂದು ದೀಪಾವಳಿ ಕಳೆದ ಮೇಲೆ ಯಾವುದೋ ಗೋದಾಮಿನಿಂದ ಸೀದಾ ಚಿಕ್ಕಪ್ಪನ ಬಾಗಿಲಿಗೇ ಬಂತು, ಒಳಗಿನ ಪಟ್ಟದ ಗೊಂಬೆಗಳಿಗೆ ಒಂದು ಗೀರೂ ಆಗಿರಲಿಲ್ಲ.